ನಾಲಿಗೆಗೆ ಅಂಟದ ಬಿಲ್ಲೆ

ಕಮಲಾಪುರದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಅಣ್ಣ ಪಿಂಗಾಣಿ ಬಿಲ್ಲೆ ಮಾಡುತ್ತಾನೆ. ಸ್ಪಂಜಿನ ತುಂಡನ್ನು ಗಂಜಿಯಂಥ ಮಣ್ಣಿನಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಭಟ್ಟಿಯಲ್ಲಿ ಸುಡುತ್ತಾನೆ. ಸ್ಪಂಜು ಉರಿದುಹೋಗಿ ಬರೀ ತೂತುಗಳ ಪಿಂಗಾಣಿ ಉಳಿಯುತ್ತದೆ. ಕೈಯಲ್ಲಿಟ್ಟರೆ ಜೋಳದ ಅರಳಿನಷ್ಟು ಹಗುರ. ಕಲಬುರಗಿಯ ಎರಕದ ಕಾರ್ಖಾನೆಗಳಲ್ಲಿ ಕರಗಿದ ಅಲ್ಯೂಮಿನಿಯಂ ಸೋಸಲು ಇದು ಬೇಕು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅಣ್ಣ ಕಲಿಸಿದ ಪರೀಕ್ಷೆ ಒಂದೇ. ಬಿಲ್ಲೆಯನ್ನು ನಾಲಿಗೆಗೆ ತಾಗಿಸಬೇಕು. ಅಂಟಿದರೆ ಒಣಗಿದೆ. ಅಂಟದಿದ್ದರೆ ಒಳಗೆ ನೀರಿದೆ, ಕಾದ ಲೋಹ ಬಿದ್ದರೆ ಸಿಡಿಯುತ್ತದೆ.

ಸೇಡಂ ರಸ್ತೆ ಕಡೆಯ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಉಸ್ತಾದರು ಒಮ್ಮೆ ಬಿಳಿ ಧೂಳು ಮೆತ್ತಿದ ನಮ್ಮ ಬುಟ್ಟಿ ನೋಡಿ, "ಬಿಲ್ಲಿ ತಂದೀಯೇನವ್ವಾ, ಗಿರಣಿ ಹಿಟ್ಟು ತಂದೀಯೋ?" ಎಂದು ನಕ್ಕಿದ್ದರು. ಮಾತು ಚುಚ್ಚಿತ್ತು. ಮುಂದಿನ ಸಲ ಅಣ್ಣನಿಗೆ ಹೇಳದೆ ಬಿಲ್ಲೆಗಳ ಧೂಳು ತೊಳೆದು ಬಿಸಿಲಿಗೆ ಹರವಿದೆ. ಮೋಡ ಕವಿಯಿತು. ಬಸ್ಸಿನ ಹೊತ್ತೂ ಆಯಿತು, ಅಣ್ಣನ ಜೊತೆ ಹೊರಟೆ. ದಾರಿಯುದ್ದಕ್ಕೂ ಬುಟ್ಟಿ ತೊಡೆಯ ಮೇಲೆ ತಣ್ಣಗೆ, ಭಾರವಾಗಿ ಕೂತಿತ್ತು. ಅಚ್ಚಿಗೆ ಕೂರಿಸುವ ಮೊದಲು ಕಾರ್ಖಾನೆಯಲ್ಲಿ ಭಟ್ಟಿಯ ಪಕ್ಕ ಇಟ್ಟು ಕಾಯಿಸುತ್ತಾರಲ್ಲ, ಒಣಗುತ್ತವೆ ಎಂದುಕೊಂಡೆ.

ಅವತ್ತು ಲೋಹ ಆಗಲೇ ಕರಗಿ ನಿಂತಿತ್ತು.

"ಜಲ್ದಿ ಕೊಡ್ರಿ, ಕಾಯಿಸಾಕ ವ್ಯಾಳ್ಯಾ ಇಲ್ಲ," ಎಂದರು ಉಸ್ತಾದರು.

ಅಣ್ಣ ನನ್ನ ಕಡೆ ತಿರುಗಿದ. "ಒಣಗ್ಯಾವಿಲ್ಲ? ನಾಲಿಗಿಗಿ ಹಚ್ಚಿ ನೋಡೀಯಿಲ್ಲ?"

ನೋಡಿದ್ದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ನೋಡಿದ್ದೆ. ಅಂಟಿರಲಿಲ್ಲ. ಆದರೆ ಉಸ್ತಾದರು ಮತ್ತೆ ನಗುತ್ತಾರೆಂದು, "ಒಣಗ್ಯಾವಣ್ಣಾ," ಎಂದುಬಿಟ್ಟೆ.

"ನಮ್ಮ ತಂಗಿ ಹೇಳಿದ್ರ ಮುಗೀತ್ರಿ," ಎಂದು ಅಣ್ಣ ಅಚ್ಚಿನ ಬಾಯಿಗೆ ಬಿಲ್ಲೆ ಕೂರಿಸಿದ. ಲೋಹ ಇಳಿಯುವುದನ್ನು ನೋಡಲು ಅಲ್ಲೇ ಬಾಗಿ ನಿಂತ. ಹಿಂದೆ ಸರಿ ಅನ್ನಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಉಸ್ತಾದರು ಲೋಹ ಹೊಯ್ದರು. ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು ಮೊದಲು ಬಂತು. ಆಮೇಲೆ ಅಣ್ಣನ ಕೂಗು.

ಬಲಗಣ್ಣು ಉಳಿಯಲಿಲ್ಲ. ನೋಡಲು ಬಂದವರಿಗೆಲ್ಲ ಅಣ್ಣ, "ತಪ್ಪು ನಂದೇ ರೀ, ದೂರ ನಿಂದ್ರಬೇಕಿತ್ತು," ಎಂದು ಹೇಳುತ್ತಿದ್ದ. ನಾನು ಅವರಿಗೆ ಚಹಾ ಕೊಡುತ್ತಿದ್ದೆ.

ಈಗ ಮತ್ತೆ ಭಟ್ಟಿ ಹಚ್ಚಿದ್ದಾನೆ. ನಿನ್ನೆ ಕೇಳಿದ, "ಒಣಗ್ಯಾವೇನು?" ಒಂದೊಂದನ್ನೂ ನಾಲಿಗೆಗೆ ಹಚ್ಚಿದೆ. ಎಲ್ಲವೂ ಅಂಟಿದವು. ಆದರೂ ಬುಟ್ಟಿ ಅವನ ಮುಂದೆ ಹಿಡಿದು, "ನೀನೂ ಹಚ್ಚಿ ನೋಡಣ್ಣಾ," ಎಂದೆ.

"ನೀ ನೋಡೀಯಲ್ಲ, ಸಾಕು," ಎಂದು ಬುಟ್ಟಿಯನ್ನು ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟ.