ಎರಡನೆಯ ಓದು

ಶಹನಾಝಳ ಕೆಲಸ ಎಂತದ್ದು ಎಂದು ಕಾಪುವಿನಲ್ಲಿ ಸರಿಯಾಗಿ ಬಲ್ಲವರು ಯಾರೂ ಇರಲಿಲ್ಲ. ಹೆತ್ತ ತಾಯಿ ಆಮಿನಮ್ಮನೇ "ಮಣಿಪಾಲದಲ್ಲಿ ಕ್ಯಾನ್ಸರಿನ ಪುಸ್ತಕ ಬರೆಯುತ್ತಾಳೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ದೇಶವಿದೇಶದ ಸಂಶೋಧನಾ ಲೇಖನಗಳನ್ನು ಓದಬೇಕು. ರಕ್ತದಲ್ಲೋ ಗಡ್ಡೆಯಲ್ಲೋ ಯಾವ ಪ್ರೋಟೀನ್ ಹೆಚ್ಚಿದ್ದರೆ ಯಾವ ಕ್ಯಾನ್ಸರಿನ ಗುರುತು, ಅದು ರೋಗಿಗೆ ಒಳ್ಳೆಯ ಸೂಚನೆಯೋ ಕೆಟ್ಟದ್ದೋ ಎಂದು ಹೆಕ್ಕಿ, ಲ್ಯಾಬಿನವರು ನೋಡಿ ರಿಪೋರ್ಟ್ ಬರೆಯುವ ಡೇಟಾಬೇಸಿಗೆ ಸೇರಿಸಬೇಕು. ಹನ್ನೊಂದು ವರ್ಷದಿಂದ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡಿಕೊಂಡು ಬಂದದ್ದು ಇದನ್ನೇ.

ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರತಿ ಲೇಖನವನ್ನೂ ಇಬ್ಬರು ಬೇರೆ ಬೇರೆಯಾಗಿ ಓದಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದು, ಎರಡೂ ತಾಳೆಯಾದರೆ ಮಾತ್ರ ಒಳಗೆ. ಮೊದಲ ಓದು ಕಾರ್ಕಳದ ಲವಿಟಾಳದ್ದು, ಎರಡನೆಯದು ಶಹನಾಝಳದ್ದು. ಒಂದೇ ಬುತ್ತಿಯಲ್ಲಿ ಕೈ ಹಾಕಿ ಉಣ್ಣುವ ಗೆಳತಿಯರು. ಅವರ ಬರಹ ತಾಳೆಯಾಗದ ದಿನವೇ ಅಪರೂಪ. ಅಷ್ಟು ತಾಳೆಯಾದರೆ ಮನುಷ್ಯರಿಗೆ ಎಂತ ಆಗುತ್ತದೆ? ನಂಬಿಕೆ ಹುಟ್ಟುತ್ತದೆ. ಆ ಕೆಲಸಕ್ಕೆ ನಂಬಿಕೆಯಷ್ಟು ಕೆಟ್ಟದ್ದು ಬೇರೆ ಇಲ್ಲ.

ಕಳೆದ ರಂಝಾನಿನ ಒಂದು ಸಂಜೆ, ಉಪವಾಸದಲ್ಲಿ ಬಾಡಿ ಕೂತಿದ್ದ ಶಹನಾಝಳಿಗೆ ಲವಿಟಾ ತನ್ನ ಬರಹ ಕೊಟ್ಟು ಹೇಳಿದ್ದಳು: "ನೋಡಿ ಬರೆದು ಹೊರಡು ಮಾರಾಯ್ತಿ. ಇಫ್ತಾರಿಗೆ ಬಸ್ ತಪ್ಪುತ್ತದೆ." ಶಹನಾಝ್ ನಾಲ್ಕು ಲೇಖನಗಳದ್ದನ್ನು ಓದದೆ ಹಾಗೆಯೇ ನಕಲಿಳಿಸಿ ಬಸ್ ಹಿಡಿದಳು. ಕನ್ಯಾಮರಿಯಮ್ಮನ ಮೊಂತಿ ಹಬ್ಬದ ವಾರ ಲವಿಟಾಳಿಗೆ ಅವಳೂ ಇಂಥದೇ ಉಪಕಾರ ಮಾಡಿದ್ದುಂಟು.

ಜುಲೈ ತಿಂಗಳ ಒಂದು ಸೋಮವಾರ ಸಂಜೆ ಪಕ್ಕದ ಮನೆಯ ಸರಸಕ್ಕ ಲ್ಯಾಬ್ ರಿಪೋರ್ಟ್ ಹಿಡಿದುಕೊಂಡು ಬಂದಳು. ಗಂಡ ದೇಜಪ್ಪನ ಕರುಳಿನ ಗಡ್ಡೆಯನ್ನು ತಿಂಗಳ ಹಿಂದೆ ಆಪರೇಷನ್ ಮಾಡಿ ತೆಗೆದಿದ್ದರು. ಇನ್ನು ಕೀಮೋ ಬೇಕೋ ಬೇಡವೋ ಎಂಬುದು ಉಳಿದಿತ್ತು. "ನಾಳೆ ಹನ್ನೊಂದಕ್ಕೆ ಉಡುಪಿ ಆಸ್ಪತ್ರೆಯಲ್ಲಿ ಡಾಕ್ಟರುಗಳೆಲ್ಲ ಕೂತು ತೀರ್ಮಾನ ಮಾಡ್ತಾರಂತೆ. ಗುರುತು ಒಳ್ಳೆಯದಿದ್ದರೆ ಕೀಮೋ ಬಿಡಬಹುದಂತೆ. ಇದರಲ್ಲಿ ಎಂತ ಉಂಟು, ಓದಿ ಹೇಳು."

ಕೊನೆಯ ಸಾಲಿನಲ್ಲಿ ಒಂದು ಪ್ರೋಟೀನಿನ ಹೆಸರಿತ್ತು: ಪ್ರಮಾಣ ಹೆಚ್ಚು, ಸೂಚನೆ ಉತ್ತಮ.

"ಒಳ್ಳೆಯದೇ ಉಂಟು ಸರಸಕ್ಕ."

ಸರಸಕ್ಕ ಕೂತಲ್ಲೇ ಅತ್ತುಬಿಟ್ಟಳು. ಹಾಗಾದರೆ ಆಗಸ್ಟಿನಲ್ಲಿ ಮೀನು ಹಿಡಿಯುವ ಬೋಟ್ ಹೊರಡುವಾಗ ಇವರೂ ಹೋಗಬಹುದು ಎಂದಳು. ಆಮಿನಮ್ಮ ಚಹಾ ಕೊಟ್ಟರು. ಸರಸಕ್ಕ ರಿಪೋರ್ಟ್ ಮಡಚುವಾಗ ಆ ಸಾಲಿನ ಕೆಳಗಿನ ಸಣ್ಣಕ್ಷರ ಶಹನಾಝಳ ಕಣ್ಣಿಗೆ ಬಿತ್ತು. ಅದು ತಮ್ಮದೇ ಡೇಟಾಬೇಸಿನ ಹೆಸರು, ದಾಖಲೆಯ ಸಂಖ್ಯೆ. ಸರಸಕ್ಕ ಹೋದ ಮೇಲೆ ಮೊಬೈಲಿನಲ್ಲಿ ತೆರೆದು ನೋಡಿದರೆ ದಿನಾಂಕ ರಂಝಾನಿನದ್ದು. ಎರಡನೆಯ ಓದು: ಶಹನಾಝ್.

ಲವಿಟಾ ಸರಿಯಾಗಿಯೇ ಬರೆದಿರುತ್ತಾಳೆ, ಅವಳು ತಪ್ಪುವವಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಪೂರ್ತಿ ಲೇಖನ ಆಫೀಸಿನಲ್ಲಿ ಮಾತ್ರ ತೆರೆಯುತ್ತಿತ್ತು. ಮರುದಿನ ಮೊದಲ ಎಕ್ಸ್‌ಪ್ರೆಸ್ ಹಿಡಿದು, ಉಡುಪಿಯಲ್ಲಿ ಬಸ್ ಬದಲಿಸಿ, ಎಂಟೂವರೆಗೆ ಮಣಿಪಾಲದ ಆಫೀಸಿನಲ್ಲಿ ಕೂತು ಆ ಲೇಖನವನ್ನು ಮೊದಲ ಸಲ ಓದಿದಳು.

ಸಾಮಾನ್ಯವಾಗಿ ಇಂಥ ಪಟ್ಟಿಗಳಲ್ಲಿ ಪ್ರೋಟೀನ್ ಹೆಚ್ಚಿರುವವರನ್ನು ಕಡಿಮೆ ಇರುವವರ ಜೊತೆ ಹೋಲಿಸುತ್ತಾರೆ. ಈ ಲೇಖನ ಬರೆದ ಪುಣ್ಯಾತ್ಮರು ತಿರುಗಿಸಿ ಹೋಲಿಸಿದ್ದರು. ಸಾವಿನ ಅಪಾಯ ಅರ್ಧಕ್ಕಿಂತ ಕಡಿಮೆ ಎಂದಿದ್ದದ್ದು ನಿಜ, ಆದರೆ ಪ್ರೋಟೀನ್ ಕಡಿಮೆ ಇರುವವರಿಗೆ. ದೇಜಪ್ಪನದ್ದು ಹೆಚ್ಚು, ಎಂದರೆ ಕೆಟ್ಟ ಸೂಚನೆ. ಲವಿಟಾ ಅಭ್ಯಾಸಬಲದಿಂದ ಉಲ್ಟಾ ಓದಿದ್ದಳು. ಅದನ್ನು ಹಿಡಿಯಲೆಂದೇ ಇಟ್ಟಿದ್ದ ಎರಡನೆಯ ಕಣ್ಣು ಆ ಹೊತ್ತಿಗೆ ಬಸ್ಸಿನ ಕಿಟಕಿಯ ಹೊರಗಿತ್ತು.

ಒಂಬತ್ತೂವರೆಗೆ ಲವಿಟಾ ಬಂದಳು. ನೋಡಿದಳು. ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು. "ಸದ್ದಿಲ್ಲದೆ ಸರಿ ಮಾಡಿಬಿಡುವಾ ಶಹನಾ. ನಿಯಮ ಮುರಿದದ್ದು ಗೊತ್ತಾದರೆ ಇಬ್ಬರ ಕೆಲಸವೂ ಹೋಗ್ತದೆ."

"ಕಂಪ್ಯೂಟರಿನಲ್ಲಿ ಸರಿಯಾಗ್ತದೆ. ಸರಸಕ್ಕನ ಕೈಯಲ್ಲಿರುವ ಕಾಗದದಲ್ಲಿ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ದಾರಿ ಅದು ಎಂದು ಲವಿಟಾಳಿಗೂ ಗೊತ್ತಿತ್ತು. ಶಹನಾಝಳಿಗೆ ಹೆದರಿಕೆ ಇರಲಿಲ್ಲವೇ? ಇತ್ತು. ಆದರೂ ಅವರ ಮುಖ್ಯಸ್ಥೆ ಎಸ್ತರ್ ಮೇಡಂಗೆ ಫೋನ್ ಮಾಡಿದಳು. ಮೇಡಂ ನಿಟ್ಟೆಯ ಕಾಲೇಜಿನಲ್ಲಿ ತರಬೇತಿ ಕೊಡುತ್ತಿದ್ದರು.

"ಮೇಡಂ, ಒಂದು ದಾಖಲೆ ತಪ್ಪಿದೆ. ಎರಡನೆಯ ಓದು ನಾನು ಓದಲೇ ಇಲ್ಲ. ನಕಲು ಮಾಡಿದೆ. ಅದನ್ನು ನಂಬಿ ರಿಪೋರ್ಟ್ ಬರೆದ ಒಬ್ಬ ರೋಗಿಯ ಬಗ್ಗೆ ಡಾಕ್ಟರುಗಳ ಸಭೆ ಇವತ್ತು ಹನ್ನೊಂದಕ್ಕೆ ಉಂಟು."

"ಆ ದಾಖಲೆಯನ್ನು ಈಗಲೇ ತಡೆಹಿಡಿಯಿರಿ. ಲ್ಯಾಬಿಗೆ ನಾನು ಹೇಳುತ್ತೇನೆ, ಆದರೆ ಹೊಸ ರಿಪೋರ್ಟಿಗೆ ಎರಡು ದಿನ ಬೇಕು. ಸಭೆ ಕಾಯುವುದಿಲ್ಲ. ಲೇಖನ ಹಿಡಿದುಕೊಂಡು ನೀವೇ ಹೋಗಿ. ನಿಮ್ಮ ವಿಷಯ ನಾಳೆ ಮಾತಾಡುವಾ."

ಶಹನಾಝ್ ಹೊರಟಾಗ ಲವಿಟಾಳೂ ಬ್ಯಾಗ್ ಎತ್ತಿಕೊಂಡಳು. "ಮೊದಲು ತಪ್ಪಿದವಳು ನಾನಲ್ವಾ."

ಉಡುಪಿಯ ಕಲ್ಸಂಕದಲ್ಲಿ ವಾಹನಗಳ ಸಾಲಿಗೆ ಸಿಕ್ಕಿ ಬಸ್ ನಿಂತೇಬಿಟ್ಟಿತು. ಹತ್ತು ಮುಕ್ಕಾಲಾಗಿತ್ತು. ಡ್ರೈವರನ ತಲೆಯ ಮೇಲೆ "ಅವಸರವೇ ಅಪಘಾತಕ್ಕೆ ಕಾರಣ" ಎಂದು ಬರೆದಿತ್ತು. ಆ ಉಪದೇಶ ರಂಝಾನಿನಲ್ಲಿ ಕಣ್ಣಿಗೆ ಬೀಳಬಾರದಿತ್ತೇ ಎಂದು ತನ್ನನ್ನೇ ಶಪಿಸಿಕೊಳ್ಳುತ್ತ ಶಹನಾಝ್ ಇಳಿದು ಮಳೆಯಲ್ಲೇ ಓಡಿದಳು.

ಆಸ್ಪತ್ರೆಯ ಸಭೆಯ ಕೋಣೆಗೆ ಕಾಲಿಡುತ್ತಿದ್ದ ಡಾಕ್ಟರನ್ನು ಗೆಳತಿಯರಿಬ್ಬರೂ ಬಾಗಿಲಲ್ಲೇ ತಡೆದರು. ಡಾಕ್ಟರು ನಿಂತಲ್ಲೇ ಲೇಖನದ ಪಟ್ಟಿ ನೋಡಿದರು, ತಮ್ಮ ಫೈಲಿನಲ್ಲಿದ್ದ ದೇಜಪ್ಪನ ರಿಪೋರ್ಟ್ ನೋಡಿದರು.

"ಇದೊಂದನ್ನೇ ನಂಬಿ ನಾವು ತೀರ್ಮಾನ ಮಾಡುವುದಿಲ್ಲಮ್ಮ," ಎಂದರು. "ಆದರೆ ಇವರ ವಿಷಯದಲ್ಲಿ ತಕ್ಕಡಿ ಸಮ ಇತ್ತು. ಕೀಮೋ ಬೇಡ ಎನ್ನುವ ಕಡೆಗೆ ವಾಲಿಸಿದ್ದು ಈ ಸಾಲು." ಕಾಗದ ಹಿಡಿದು ಒಳಗೆ ಹೋದರು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಸರಸಕ್ಕ ಇದೆಲ್ಲವನ್ನೂ ನೋಡುತ್ತಿದ್ದಳು. ಶಹನಾಝ್ ಅವಳ ಪಕ್ಕ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ಸರಸಕ್ಕ ಬೈಯಲಿಲ್ಲ, ಸ್ವಲ್ಪ ದೂರ ಸರಿದು ಕೂತಳು. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಹನ್ನೆರಡೂವರೆಗೆ ತೀರ್ಮಾನ ಬಂತು. ಆರು ತಿಂಗಳು ಕೀಮೋ. ಈ ವರ್ಷ ಕಡಲು ಇಲ್ಲ.

ಸರಸಕ್ಕ ಮಡಚಿಟ್ಟಿದ್ದ ರಿಪೋರ್ಟನ್ನು ಬಿಡಿಸಿ ಶಹನಾಝಳ ಮಡಿಲಲ್ಲಿಟ್ಟಳು.

"ನಿನ್ನೆ ಒಳ್ಳೆಯದು ಅಂದೆ. ಇವತ್ತು ಅಲ್ಲ ಅಂತೀಯಾ. ಈ ಸಲವಾದರೂ ಓದಿದ್ದೀಯಾ?"

"ಓದಿದ್ದೇನೆ ಸರಸಕ್ಕ."

"ಇನ್ನೊಮ್ಮೆ ಓದು," ಎಂದಳು ಸರಸಕ್ಕ. "ನನ್ನ ಎದುರು ಓದು."

ಶಹನಾಝ್ ಕಣ್ಣೊರೆಸಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು.