ಎಲ್ಡನ್ ಕೆತ್ತಿದ ಕೋರೆಹಲ್ಲು

ಕುಂಬಳಕಾಯಿಯಲ್ಲಿ ಭೂತದ ಮುಖ ಕೆತ್ತಿ ಮನೆ ಮುಂದೆ ದೀಪವಿಡುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂತೆಂದರೆ ಎಲ್ಡನ್ ಪ್ರೂಯಿಟ್‌ಗೆ ಇಡೀ ಬೀದಿಯ ಮೇಲೆ ಸಿಟ್ಟು. ಜೀವಮಾನವಿಡೀ ಜನರಿಗೆ ಹಲ್ಲಿನ ಸೆಟ್ ಮಾಡಿಕೊಟ್ಟು ನಿವೃತ್ತನಾದ ಈ ಮುದುಕ, ನೆರೆಹೊರೆಯವರು ಕುಂಬಳಕಾಯಿಯಲ್ಲಿ ಕೆತ್ತಿದ ರಕ್ತಪಿಶಾಚಿಗಳನ್ನು ಕಂಡರೆ ಉರಿದುಬೀಳುತ್ತಾನೆ. "ಏನೇ ಮಾರ್ಲಾ, ಕೋರೆಹಲ್ಲು ಬಾಯಿ ನಟ್ಟನಡುವೆ ಹುಟ್ಟುತ್ತೇನೇ? ಇದು ರಕ್ತ ಹೀರುತ್ತೋ, ಕ್ಯಾರೆಟ್ ಕಡಿಯುತ್ತೋ?" ಎಂದು ಪಕ್ಕದ ಮನೆಯಾಕೆಯನ್ನು ಅವಳ ಮೆಟ್ಟಿಲ ಮೇಲೆಯೇ ನಿಂತು ಗದರುತ್ತಾನೆ. "ಮಕ್ಕಳಿಗೆ ಇಷ್ಟ ಆದ್ರೆ ಸಾಲ್ದಾ?" ಎಂದು ಅವಳು ನಕ್ಕರೆ, "ಹೆದರಿಸೋಕೆ ಬಾರದ ಪಿಶಾಚೀನ ಬೇಯಿಸ್ಕೊಂಡು ತಿನ್ನು!" ಎನ್ನುತ್ತಾನೆ. ಕಾಯಿಗೆ ಅಂಗಡಿಯ ಪ್ಲಾಸ್ಟಿಕ್ ಹಲ್ಲು ಸಿಕ್ಕಿಸಿದವರನ್ನಂತೂ ಕ್ರಿಸ್‌ಮಸ್ ಕಳೆಯುವವರೆಗೆ ಮಾತಾಡಿಸುವುದಿಲ್ಲ. ಅವನ ಜಗಲಿಯ ಕುಂಬಳಕಾಯಿಯೊಳಗೆ ದೀಪ ಹಚ್ಚಿದರೆ, ಮಿಠಾಯಿ ಕೇಳಲು ಬಂದ ಮಕ್ಕಳು ಹೆದರಿ ಗೇಟಿನಲ್ಲೇ ನಿಂತುಬಿಡುತ್ತಾರೆ. ಅದೇ ಅವನ ಹೆಮ್ಮೆ. ಈ ಸಲ ಅವನ ಮನೆಯ ಖಾಲಿ ಪಾತ್ರೆ ಹಿಂದಿರುಗಿಸಲು ಬಂದ ಮಾರ್ಲಾ, ಜಗಲಿ ಹತ್ತಿ ಆ ಕಾಯಿಯ ಹಿಂಬದಿಯನ್ನು ಬಗ್ಗಿ ನೋಡಿದಳು. ಕಿಟಕಿಯ ಕಡೆಗೆ ಇನ್ನೊಂದು ಮುಖವಿತ್ತು: ಕೋರೆಹಲ್ಲಿಲ್ಲ, ಬಾಯಿ ಎಡಕ್ಕೆ ಸೊಟ್ಟಗೆ ಎಳೆದುಕೊಂಡ ನಗು. ಕಿಟಕಿಯ ಒಳಗೆ ಕುಳಿತಿದ್ದ ಅವನ ಹೆಂಡತಿ ವರ್ನಾ, ಪಾರ್ಶ್ವವಾಯು ಬಡಿದಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದವಳು, ಕೈ ತೆಗೆದು ಅದೇ ಸೊಟ್ಟ ನಗು ನಗುತ್ತಿದ್ದಳು. "ಏನ್ ಇಣುಕ್ತೀಯ?" ಎಂದು ಎಲ್ಡನ್ ರೇಗಿದ. "ಅದು ಬೀದಿಗೆ ಮಾಡಿದ್ದಲ್ಲ!"