ವರ್ಲೀನಕ್ಕನ ಬಿಳಿ ಕೈಗವಸು

ನಮ್ಮ ಅಲಬಾಮದ ಚರ್ಚಿನಲ್ಲಿ ವರ್ಲೀನಕ್ಕನ ಕೆಲಸ, ಬಿಳಿ ಕೈಗವಸು ತೊಟ್ಟುಕೊಂಡು, ಪ್ರಾರ್ಥನೆಗೆ ಬಂದವರನ್ನು ಬೆಂಚುಗಳಲ್ಲಿ ಕೂರಿಸುವುದು. ತಡವಾಗಿ ಬಂದರೆ ದೇವರನ್ನೂ ಹಿಂದಿನ ಸಾಲಿಗೆ ಕಳಿಸುವವಳು. ಜಾಮೀನಿನ ದಿನ ಆರೋಪಿಯ ಬೆನ್ನಿಗೆ ಜನ ಕೂತಿದ್ದರೆ ನ್ಯಾಯಾಧೀಶರು ಮೆತ್ತಗಾಗುತ್ತಾರೆಂದು ಕಂಡುಕೊಂಡ ಮೇಲೆ, ಪ್ರತಿ ಗುರುವಾರ ಕೋರ್ಟಿನ ಬೆಂಚುಗಳೂ ಅವಳವೇ ಆದವು.

ಆ ಗುರುವಾರ ನಮ್ಮ ಚರ್ಚಿನಲ್ಲಿ ಡ್ರಮ್ ಬಾರಿಸುವ ರೋಸ್ಕೋನ ಸರದಿ. ವಿಚಾರಣೆಯೇ ಇಲ್ಲದೆ ನಾಲ್ಕು ತಿಂಗಳಿಂದ ಒಳಗಿದ್ದ. ವರ್ಲೀನಕ್ಕ ಅರವತ್ತು ಹೆಂಗಸರನ್ನು ಕೂರಿಸಿದಳು. ಚರ್ಚಿಗೆಂದೇ ತೊಡುವ ಅವರ ಅಗಲ ಟೋಪಿಗಳ ನೆರಳಿಗೆ ಹಾಡಹಗಲೇ ದೀಪ ಹಾಕಬೇಕಾಯಿತು.

"ಇವನ ಕಡೆಯವರು ಯಾರಾದ್ರೂ ಬಂದಿದೀರಾ?" ಎಂದರು ನ್ಯಾಯಾಧೀಶರು.

ಅರವತ್ತೂ ಮಂದಿ ಎದ್ದು "ಆಮೆನ್" ಎಂದರು. ಆರೋಪಿ ಬೆಚ್ಚಿ ತಿರುಗಿದ. ಯಾರೋ ಗುರುತಿಲ್ಲದ ಮುದುಕ. ಹಿಂದಿನಿಂದ ಕಿತ್ತಳೆ ಬಣ್ಣದ ಜೈಲಂಗಿ ಎಲ್ಲರದೂ ಒಂದೇ. ನಾವು ಕೋಣೆ ತಪ್ಪಿದ್ದೆವು.

"ಯಾರಕ್ಕಾ ಇವನು?" ಎಂದು ಪಿಸುಗುಟ್ಟಿದೆ.

"ಯಾರಾದ್ರೆ ನಿಂಗೇನೋ? ಪಾಪ, ಇವನ ಹಿಂದೆ ಒಂದು ನರಪಿಳ್ಳೇನೂ ಇಲ್ಲ. ಈಗ ಎದ್ದು ಹೋದ್ರೆ ಚೆನ್ನಾಗಿರುತ್ತಾ? ಕೂತ್ಕೋ."

ಮುದುಕನಿಗೆ ಜಾಮೀನು ಸಿಕ್ಕಿತು. ನಾವು ಪಕ್ಕದ ಕೋಣೆಗೆ ಓಡಿದಾಗ ರೋಸ್ಕೋನ ಹೆಸರು ಕೂಗುತ್ತಿದ್ದರು. ಕಾಗದಗಳಿಗೆ ಸಹಿ ಹಾಕಿ ಮುದುಕನೂ ಏದುಸಿರು ಬಿಡುತ್ತಾ ಬಂದ. ವರ್ಲೀನಕ್ಕ ಕೈಗವಸಿನ ಬೆರಳು ತೋರಿಸಿದಳು.

"ಲೇಟಾಗಿ ಬಂದಿದೀರಿ. ಹಿಂದಿನ ಸಾಲು."

ನ್ಯಾಯಾಧೀಶರು ರೋಸ್ಕೋನ ಕಡೆಯವರು ಯಾರೆಂದು ಕೇಳಿದಾಗ, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದದ್ದು ಆ ಹಿಂದಿನ ಸಾಲು. ಭಾನುವಾರ ರೋಸ್ಕೋ ಬಾರಿಸಿದ ಡ್ರಮ್ಮಿಗೆ ಪಕ್ಕದ ಜಿಲ್ಲೆಯ ಕೋಳಿಗಳೂ ಎದ್ದು ಕುಣಿದವು.